ವ್ರತ-ಉಪವಾಸ ಮತ್ತು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಗಳು

ಮೂತ್ರಪಿಂಡ ಅಥವಾ ಯಕೃತ್ತಿನ ಕಸಿ ಆದವರಿಗೆ, ಸಂಧಿವಾತ ಹಾಗೂ ಲೂಪಸ್ ಇರುವ ಹಲವರಿಗೆ ವೈದ್ಯರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಕೊಡುತ್ತಾರೆ. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್, ಮೆಥೊಟ್ರೆಕ್ಸೇಟ್ ಇವುಗಳಲ್ಲಿ ಕೆಲವು. ಕಸಿ ಮಾಡಿದ ಅಂಗವನ್ನು ದೇಹವು ಹೊರಗಿನದೆಂದು ತಿಳಿದು ತಿರಸ್ಕರಿಸದಂತೆ ಈ ಔಷಧಗಳು ಕಾಯುತ್ತವೆ. ಕೆಲವು ದಿನ ಬಿಟ್ಟರೂ ಅಂಗ ಕೈತಪ್ಪಬಹುದು.

ರಾತ್ರಿಯ ಮಾತ್ರೆ: ಸಾಮಾನ್ಯ ಟ್ಯಾಕ್ರೋಲಿಮಸ್‌ ಅನ್ನು 12 ಗಂಟೆಗೊಮ್ಮೆ ತೆಗೆದುಕೊಳ್ಳಬೇಕು. ಹುನಗುಂದ ತಾಲ್ಲೂಕಿನ ರಾಮಥಾಳದ ಕಡೆ ಡಿಸೆಂಬರಿನಲ್ಲಿ ಹಗಲು ಸುಮಾರು 11 ಗಂಟೆ ಮಾತ್ರ. ಎರಡೂ ಹೊತ್ತಿನ ಮಾತ್ರೆ ಸೂರ್ಯಾಸ್ತದೊಳಗೆ ಮುಗಿಯುವುದಿಲ್ಲ. ದಿನಕ್ಕೊಮ್ಮೆ ಸೇವಿಸುವ ಬಗೆಯೂ ಇದೆ. ಆದರೆ ಬದಲಾವಣೆಯನ್ನು ವೈದ್ಯರೇ ರಕ್ತಪರೀಕ್ಷೆ ನೋಡಿ ಮಾಡಬೇಕು.

ಉಪವಾಸ: ನೀರು ಬಿಟ್ಟರೆ ಕಸಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಬಹುಕಾಲದಿಂದ ಸೇವಿಸುತ್ತಿರುವ ಪ್ರೆಡ್ನಿಸೊಲೋನ್ ಅನ್ನು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯ. ದಶಲಕ್ಷಣ ಪರ್ವಕ್ಕೆ ಒಂದು ತಿಂಗಳು ಮುಂಚೆಯೇ ವೈದ್ಯರನ್ನು ಕೇಳಬೇಕು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗ, ತಪಗಳನ್ನು ಶಕ್ತಿಗೆ ತಕ್ಕಂತೆ ಮಾಡಬೇಕೆಂದೇ ಹೇಳಿದೆ. ಉಪವಾಸ ಆಗದವರಿಗೆ ಸ್ವಾಧ್ಯಾಯ, ಸಾಮಾಯಿಕ, ದಾನ ಇವೆ. ಮನೆಯವರು ಒತ್ತಾಯಿಸಬಾರದು, ರೋಗಿಯೂ ಗುಟ್ಟಾಗಿ ಉಪವಾಸ ಮಾಡಬಾರದು.

ಕ್ಯಾಪ್ಸೂಲ್: ಇದರ ಹೊರಕವಚ ಹೆಚ್ಚಾಗಿ ಪ್ರಾಣಿಜನ್ಯ ಜೆಲಾಟಿನ್. ಈ ಕಾರಣಕ್ಕೆ ಕೆಲವರು ಅದನ್ನು ಬಿಚ್ಚಿ ಪುಡಿ ಮಾತ್ರ ಸೇವಿಸುತ್ತಾರೆ, ಇದು ಸುರಕ್ಷಿತವಲ್ಲ. ಬೇರೆ ರೂಪದ ಔಷಧ ಇದೆಯೇ ಎಂದು ವೈದ್ಯರನ್ನೇ ಕೇಳಬೇಕು.

ನೆನಪಿಡಬೇಕಾದವು:
• ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ. ತಪ್ಪಿ ದಿನವೂ ನುಂಗಿದರೆ ಜೀವಕ್ಕೇ ಅಪಾಯ. ವಾರದ ದಿನವನ್ನು ಚೀಟಿಯ ಮೇಲೆ ಬರೆದಿಡಬೇಕು.
• ನೋವಿನ ಮಾತ್ರೆ, ಆ್ಯಂಟಿಬಯೋಟಿಕ್, ಶಕ್ತಿವರ್ಧಕ ಕಷಾಯಗಳನ್ನು ಕೇಳದೆ ಸೇವಿಸಬಾರದು.
• ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಂದೇ ವೈದ್ಯರನ್ನು ಕಾಣಬೇಕು.
• ಲಸಿಕೆ ಹಾಕುವವರಿಗೆ ಈ ಔಷಧದ ವಿಷಯ ಮೊದಲೇ ತಿಳಿಸಬೇಕು. ಜೀವಂತ ರೋಗಾಣು ಇರುವ ಲಸಿಕೆಗಳು ಇವರಿಗೆ ಸಾಮಾನ್ಯವಾಗಿ ಸಲ್ಲವು.
• ಹಳ್ಳಿಯ ಅಂಗಡಿಯಲ್ಲಿ ಈ ಮಾತ್ರೆಗಳು ಸಿಗದಿರಬಹುದು. ಕನಿಷ್ಠ ಎರಡು ವಾರಕ್ಕಾಗುವಷ್ಟು ಹೆಚ್ಚುವರಿ ಮನೆಯಲ್ಲಿರಲಿ.
• ಐಹೊಳೆಯ ಮೇಗುತಿಗೋ ಶ್ರವಣಬೆಳಗೊಳಕ್ಕೋ ಯಾತ್ರೆ ಹೊರಟಾಗ ಮಾತ್ರೆ ಮತ್ತು ವೈದ್ಯರ ಚೀಟಿ ಕೈಚೀಲದಲ್ಲೇ ಇರಬೇಕು.

ಮಾತ್ರೆ ತಪ್ಪಿದರೆ ಮುಂದಿನ ಹೊತ್ತಿಗೆ ಎರಡು ನುಂಗಬಾರದು. ಆಸ್ಪತ್ರೆಗೆ ಫೋನ್ ಮಾಡಿ ಕೇಳಬೇಕು. ಕಸಿಗೆ ಅಂಗ ಕೊಟ್ಟವರ ದಾನ ಉಳಿಯುವುದು ಪಡೆದವರು ಹೊತ್ತು ತಪ್ಪದೆ ನುಂಗುವ ಮಾತ್ರೆಯಿಂದಲೇ.