ಎದುರಾಳಿಗೂ ಒಂದು ಆಸನ

"ಬೆಂಕಿ ಇಟ್ಟವರನ್ನೇ ನಂದಿಸಲು ಕರೆಯುವುದೇ, ಸಾರ್?" ಕಾಂಬೋಡಿಯಾದ ಶಾಂತಿ ಒಪ್ಪಂದವನ್ನು ವಿವರಿಸುತ್ತಿದ್ದಾಗ ವಿದ್ಯಾರ್ಥಿಯೊಬ್ಬ ಕೇಳಿದ ಈ ಪ್ರಶ್ನೆಗೆ ಅಂದು ನನ್ನಲ್ಲಿ ಸಮರ್ಪಕ ಉತ್ತರವಿರಲಿಲ್ಲ.

1979ರಲ್ಲಿ ವಿಯೆಟ್ನಾಂ ಸೇನೆಯು ಪೋಲ್ ಪಾಟ್‌ನ ಕ್ರೂರ ಆಡಳಿತವನ್ನು ಕೆಡವಿ ಅಲ್ಲಿಯೇ ನೆಲೆಯೂರಿತು. ಪದಚ್ಯುತ ಖ್ಮೇರ್ ರೂಜ್ ಪಡೆಗೆ ಚೀನಾ ಶಸ್ತ್ರ ಒದಗಿಸಿತು. 1981ರ ನ್ಯೂಯಾರ್ಕ್ ಸಮ್ಮೇಳನಕ್ಕೆ ವಿಯೆಟ್ನಾಂ ಬರಲಿಲ್ಲ. ನಿರ್ಣಯಗಳು ಕಾಗದದಲ್ಲೇ ಉಳಿದವು. 1991ರ ಅಕ್ಟೋಬರ್ 23ರಂದು ಪ್ಯಾರಿಸ್ಸಿನಲ್ಲಿ ಸಹಿ ಹಾಕಿದ 19 ರಾಷ್ಟ್ರಗಳಲ್ಲಿ ಈ ಎರಡೂ ಇದ್ದವು, ಭಾರತವೂ ಇತ್ತು. ಖ್ಮೇರ್ ರೂಜ್ ಬಹಿಷ್ಕರಿಸಿದರೂ 1993ರಲ್ಲಿ ಚುನಾವಣೆ ನಡೆಯಿತು.

ಇದಕ್ಕೆ ತೆತ್ತ ಬೆಲೆಯೂ ಉಂಟು. ಕೊಂದವರ ಪ್ರತಿನಿಧಿಗಳೂ ಸಂಧಾನದಲ್ಲಿ ಕುಳಿತಿದ್ದರು; ಅವರ ಅಪರಾಧಗಳ ವಿಚಾರಣೆಗೆ ರಚಿತವಾದ ವಿಶೇಷ ನ್ಯಾಯಾಲಯದ ಮೊದಲ ತೀರ್ಪು ಬಂದದ್ದು 2010ರಲ್ಲಿ.

ಆ ಶಿಷ್ಯ ಇದನ್ನು ಓದುತ್ತಿದ್ದರೆ, ಇದೇ ನನ್ನ ಉತ್ತರ: ಬೆಂಕಿಗೆ ತುಪ್ಪ ಸುರಿಯುವ ಕೈಯನ್ನು ತಡೆಯಲು ಕರೆಯಲೇಬೇಕಪ್ಪಾ, ಆದರೆ ಸುಟ್ಟುಹೋದವರನ್ನು ಮರೆಯಲಾಗದು.