ವೈಟ್‌ಫೀಲ್ಡ್‌ನಲ್ಲಿ ನಾಟಕಕ್ಕೆ ಸಿಕ್ಕ ಜಾಗ (ಭಾಗ 7)

ವೀಕೆಂಡ್ ಅಂದ್ರೆ ಮಾಲ್ ಒಂದೇ ಅಂತೀರಲ್ಲ, ಒಮ್ಮೆ ವರ್ತೂರು ರೋಡ್‌ನಲ್ಲಿ ರಾಮಗೊಂಡನಹಳ್ಳಿ ಕಡೆ ಹೋಗಿ. ಜಾಗೃತಿ ರಂಗಮಂದಿರ ಇರೋದು ಅಲ್ಲೇ.

1882ರಲ್ಲಿ ಚಾಮರಾಜೇಂದ್ರ ಒಡೆಯರ್ ಆಂಗ್ಲೋ-ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಕೊಟ್ಟರು, ವೈಟ್‌ಫೀಲ್ಡ್ ಹುಟ್ಟಿತು. ನೂರು ವರ್ಷ ಕಳೆದ್ರೂ ಸುತ್ತ ಹೊಲ, ತೋಟ, ಕೆರೆಗಳೇ. 1990ರ ದಶಕದಲ್ಲಿ ಐಟಿಪಿಎಲ್ ಬಂತು ನೋಡಿ, ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಶುರುವಾಯ್ತು.

ಅರುಂಧತಿ ರಾಜಾ, ಜಗದೀಶ್ ರಾಜಾ ದಂಪತಿ 1982ರಿಂದಲೇ ಆರ್ಟಿಸ್ಟ್ಸ್ ರೆಪರ್ಟರಿ ಥಿಯೇಟರ್ ಅನ್ನೋ ತಂಡ ಕಟ್ಟಿ ನಾಟಕ ಆಡಿಸ್ತಿದ್ದವರು, ಹೆಚ್ಚಾಗಿ ಇಂಗ್ಲಿಷ್‌ನಲ್ಲಿ. ಅಪಾರ್ಟ್‌ಮೆಂಟ್ ಏಳಬಹುದಾಗಿದ್ದ ತಮ್ಮ ಕುಟುಂಬದ ತೋಟದ ಜಾಗದಲ್ಲಿ ಅವರು ಎಬ್ಬಿಸಿದ್ದು ರಂಗಮಂದಿರ. 2011ರಲ್ಲಿ ಬಾಗಿಲು ತೆರೀತು. ಸುಮಾರು 200 ಸೀಟು, ವೇದಿಕೆಯ ಮೂರು ಕಡೆ ಪ್ರೇಕ್ಷಕರು. ನಟರ ಬೆವರೂ ಕಾಣುತ್ತೆ!

ಆದ್ರೆ ಈ ಕಡೆಗೆ ನಾಟಕ ಬಂದಿದ್ದು ಆಗಲ್ಲ. ಸುತ್ತಲ ಹಳ್ಳಿಗಳಲ್ಲಿ ರಾತ್ರಿಯಿಡೀ 'ಕುರುಕ್ಷೇತ್ರ' ಆಡ್ತಿದ್ರು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸೋರು, ಕಿರೀಟ, ಸೀನರಿ ಎಲ್ಲಾ ಬಾಡಿಗೆಗೆ. ಪಾತ್ರಕ್ಕೆ ದುಡ್ಡು ಕೊಡಬೇಕಾದೋರು ಪಾತ್ರಧಾರಿಗಳೇ! ಕೃಷ್ಣ, ದುರ್ಯೋಧನ ಆಗ್ಬೇಕಂದ್ರೆ ರೇಟು ಜಾಸ್ತಿ. ಅದಕ್ಕೆ ಟಿಕೆಟ್ಟೂ ಬೇಡ, ಎಸಿನೂ ಬೇಡ. ಊರ ಮುಂದೆ ಒಂದು ಖಾಲಿ ಬಯಲಿದ್ರೆ ಸಾಕಿತ್ತು. ಈಗ ಕಷ್ಟವಾಗಿರೋದೇ ಆ ಬಯಲು ಸಿಗೋದು.

ಜಾಗೃತಿಯ ಮುಂದಿನ ಶೋ ಯಾವುದು ಅಂತ ನೋಡಿ, ಬುಕ್ ಮಾಡಿ. ಹಾಗೇ ಮನೇಲಿ ತಾತನ್ನೋ ಅಜ್ಜಿನ್ನೋ ಕೇಳಿ: ನಮ್ಮೂರಲ್ಲಿ ನಾಟಕ ಆಡ್ತಿದ್ದ ಬಯಲು ಯಾವುದು, ಈಗ ಅಲ್ಲೇನಿದೆ? ಕಮೆಂಟಲ್ಲಿ ಹಾಕಿ, ಭಾಗ 8ಕ್ಕೆ ಅಲ್ಲಿಗೇ ಹೋಗಿ ಫೋಟೋ ತೆಗೆಯೋಣ.