ಮಲ್ಲೇಶ್ವರಂ: ಮನೆ ಕೊಳ್ಳುವವರ ಬಡಾವಣೆ

ಮಲ್ಲೇಶ್ವರಂ ಬೆಂಗಳೂರಿನ ವಾಯವ್ಯ ಭಾಗದ ಹಳೆಯ ವಸತಿ ಬಡಾವಣೆ. ಇದರ ದಕ್ಷಿಣಕ್ಕೆ ಶೇಷಾದ್ರಿಪುರ, ಪೂರ್ವಕ್ಕೆ ವೈಯಾಲಿಕಾವಲ್ ಮತ್ತು ಸ್ಯಾಂಕಿ ಕೆರೆ, ಉತ್ತರಕ್ಕೆ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಯಶವಂತಪುರ ಇವೆ. ಪಶ್ಚಿಮದಲ್ಲಿ ರೈಲು ಹಳಿ ದಾಟಿದರೆ ಗಾಯತ್ರಿನಗರ, ಅದರಾಚೆ ರಾಜಾಜಿನಗರ. ನಗರದ ಹೊರವಲಯದಲ್ಲಿ ವರ್ಷಕ್ಕೊಂದು ಹೊಸ ಬಡಾವಣೆ ಹುಟ್ಟಿದರೂ ಮನೆ ಕೊಳ್ಳುವವರ ಪಟ್ಟಿಯಿಂದ ಮಲ್ಲೇಶ್ವರಂ ಹೆಸರು ಬಿಟ್ಟುಹೋದದ್ದಿಲ್ಲ. ಇಲ್ಲಿ ಕೊಳ್ಳುವವರು ಹಣ ಕೊಡುವುದು ಬಹುಮಟ್ಟಿಗೆ ಮನೆಗಿಂತ ಬೀದಿಗೆ. ಹಳೆಯ ಮನೆಗಳ ಮಾರಾಟ ಪ್ರಕಟಣೆಗಳಲ್ಲಿ ಕಟ್ಟಡಕ್ಕೆ ಬೆಲೆಯನ್ನೇ ಹಿಡಿಯದೆ ‘ನೆಲದ ಬೆಲೆ ಮಾತ್ರ’ ಎಂದು ಬರೆಯುವ ರೂಢಿಯೇ ಇದನ್ನು ಹೇಳುತ್ತದೆ.

ಪ್ಲೇಗು ಮತ್ತು ನಕ್ಷೆ

ಬಡಾವಣೆಗಿಂತ ದೇವಸ್ಥಾನ ಹಳೆಯದು. ಕಾಡು ಮಲ್ಲೇಶ್ವರ ದೇವಾಲಯ ಹದಿನೇಳನೆಯ ಶತಮಾನದ್ದು. ಶಿವಾಜಿಯ ಮಲಸಹೋದರ ವೆಂಕೋಜಿ ಅಲ್ಲಿನ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿ ಬಿಟ್ಟದ್ದನ್ನು 1669ರ ಶಾಸನ ತಿಳಿಸುತ್ತದೆ. ಆಗ ಇದು ಮಲ್ಲಪುರ ಎಂಬ ಸಣ್ಣ ಊರು. ಕೋಟೆ ಮತ್ತು ಪೇಟೆಯ ಬೆಂಗಳೂರಿಗೂ ಇದಕ್ಕೂ ನಡುವೆ ಹೊಲ, ಕುರುಚಲು ಕಾಡು.

ಪೇಟೆಯ ಇಕ್ಕಟ್ಟನ್ನು ತಗ್ಗಿಸಲು ಹೊರಗೆ ಬಡಾವಣೆ ಮಾಡಬೇಕೆಂಬ ಯೋಚನೆ 1890ರ ದಶಕದ ಆರಂಭದಲ್ಲೇ ಇತ್ತು. ಆಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಆ ಯೋಚನೆಗೆ ಆತುರ ಬಂದದ್ದು 1898ರ ಆಗಸ್ಟ್‌ನಲ್ಲಿ ಊರಿಗೆ ಕಾಲಿಟ್ಟ ಪ್ಲೇಗಿನಿಂದ. ಗಾಳಿ ಬೆಳಕಿಲ್ಲದ ಓಣಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ಉತ್ತರದಲ್ಲಿ ಮಲ್ಲೇಶ್ವರಂ, ದಕ್ಷಿಣದಲ್ಲಿ ಬಸವನಗುಡಿ ಈ ಭಯದ ಮಕ್ಕಳು. ಆದ್ದರಿಂದಲೇ ಇವುಗಳ ನಕ್ಷೆಯಲ್ಲಿ ವೈದ್ಯರ ಕೈವಾಡ ಇಂಜಿನಿಯರರದಷ್ಟೇ ಕಾಣುತ್ತದೆ. ನೇರವಾದ ಅಗಲ ರಸ್ತೆಗಳು, ಅವನ್ನು ಲಂಬವಾಗಿ ಕತ್ತರಿಸುವ ಅಡ್ಡರಸ್ತೆಗಳು, ಮನೆಯ ಸುತ್ತ ಬಿಡಲೇಬೇಕಾದ ಖಾಲಿ ಜಾಗ, ಎರಡು ಸಾಲು ಮನೆಗಳ ಬೆನ್ನ ನಡುವೆ ಕನ್ಸರ್ವೆನ್ಸಿ ಓಣಿ. ಈ ಓಣಿಗಳು ಮಲ ಹೊರುವವರು ಮುಂಬಾಗಿಲ ರಸ್ತೆಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಮಾಡಿದವು. ಒಳಚರಂಡಿ ಬಂದ ಮೇಲೆ ಕಸದ ತಾಣಗಳಾಗಿ, ಕೆಲವೆಡೆ ಒತ್ತುವರಿಯಾಗಿ, ಈಚಿನ ವರ್ಷಗಳಲ್ಲಿ ಅಲ್ಲಲ್ಲಿ ಬಣ್ಣ ಬಳಿಸಿಕೊಂಡು ನಡಿಗೆಯ ದಾರಿಗಳಾಗಿವೆ.

ನಿವೇಶನ ಹಂಚಿಕೆಯೂ ಆ ಕಾಲದ್ದೇ. ಸಮುದಾಯಗಳನ್ನು ಗುಂಪು ಗುಂಪಾಗಿ ಬೇರೆ ಬೇರೆ ಭಾಗಗಳಲ್ಲಿ ಕೂರಿಸುವ ಏರ್ಪಾಡು ಇತ್ತು. ಮೇಲ್ಜಾತಿಯ ಸರಕಾರಿ ನೌಕರರು, ವಕೀಲರು, ಮೇಷ್ಟ್ರುಗಳ ಪಾಲು ದೊಡ್ಡದಾಗಿತ್ತು. ‘ಸುಸಂಸ್ಕೃತ ಬಡಾವಣೆ’ ಎಂಬ ಹೊಗಳಿಕೆಯ ಬೇರು ಭಾಗಶಃ ಇಲ್ಲಿದೆ. ಬಾಡಿಗೆಗೆ ಮನೆ ಹುಡುಕುವವರಿಗೆ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಷರತ್ತು ಇಂದಿಗೂ ಎದುರಾಗುವುದರ ಬೇರೂ ಇಲ್ಲಿಯೇ ಇದೆ. ಮಲ್ಲೇಶ್ವರಂನ ಆಕರ್ಷಣೆಯನ್ನು ಬಣ್ಣಿಸುವವರು ಮೊದಲನೆಯದನ್ನು ಹೇಳಿ ಎರಡನೆಯದನ್ನು ನುಂಗಿಕೊಳ್ಳುತ್ತಾರೆ.

ನಡೆದು ಮುಗಿಸಬಹುದಾದ ದಿನ

ಮಲ್ಲೇಶ್ವರಂನಲ್ಲಿ ದಾರಿ ಕೇಳಿದರೆ ಉತ್ತರ ಅಂಕಿಯಲ್ಲಿ ಬರುತ್ತದೆ. ದಕ್ಷಿಣದ ತುದಿಯಿಂದ ಉತ್ತರಕ್ಕೆ ಒಂದನೆಯ ಕ್ರಾಸಿನಿಂದ ಹದಿನೆಂಟನೆಯ ಕ್ರಾಸಿನವರೆಗೆ. ಈ ಅಡ್ಡರಸ್ತೆಗಳನ್ನು ಹಾದು ಪಕ್ಕಪಕ್ಕದಲ್ಲೇ ಸಾಗುವ ಎರಡು ಉದ್ದ ರಸ್ತೆಗಳು ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆ, ಬಡಾವಣೆಯ ಎರಡು ನರಗಳು. ಎಂಟನೆಯ ಕ್ರಾಸು ಅಂದರೆ ಅಂಗಡಿ: ಸೀರೆ, ಪಾತ್ರೆ, ಬಳೆ, ಗ್ರಂದಿಗೆ, ಪಕ್ಕದಲ್ಲೇ ಕನ್ನಿಕಾ ಪರಮೇಶ್ವರಿ ದೇವಸ್ಥಾನ, ಗಾಂಧಿ ಸಾಹಿತ್ಯ ಸಂಘ. ವರಮಹಾಲಕ್ಷ್ಮಿ, ಗೌರಿ ಹಬ್ಬಗಳ ಹಿಂದಿನ ದಿನ ಇಲ್ಲಿ ಬಾಳೆಕಂದು, ಸೇವಂತಿಗೆ, ತಾವರೆಗಳ ನಡುವೆ ಕಾಲಿಡಲು ಜಾಗ ಹುಡುಕಬೇಕು. ಹದಿನೈದನೆಯ ಕ್ರಾಸು ಅಂದರೆ ಎಂ.ಇ.ಎಸ್. ಕಾಲೇಜು, ಹದಿನೆಂಟನೆಯದು ಅಂದರೆ ಬಸ್ ನಿಲ್ದಾಣ, ಆಟದ ಮೈದಾನ, ಅರಣ್ಯ ಭವನ.

ಮನೆ ಕೊಳ್ಳುವವರಿಗೆ ಮುಖ್ಯವಾಗುವುದು ಈ ಅಂಕಿಗಳ ನಡುವಿನ ಅಂತರ. ಹಾಲು, ತರಕಾರಿ, ಶಾಲೆ, ಬ್ಯಾಂಕು, ದೇವಸ್ಥಾನ, ಸಂಗೀತ ಕಚೇರಿ, ಆಸ್ಪತ್ರೆ ಎಲ್ಲವೂ ನಾಲ್ಕೈದು ಕ್ರಾಸುಗಳ ಒಳಗೆ ಸಿಗುತ್ತವೆ. ಕೆಂಪು ಚೆಲುವಾಜಮ್ಮಣ್ಣಿಯವರ ಹೆಸರಿನ ಕೆ.ಸಿ. ಜನರಲ್ ಆಸ್ಪತ್ರೆ ಸರಕಾರಿ ಆಸ್ಪತ್ರೆ. ಕ್ಲೂನಿ, ನಿರ್ಮಲಾ ರಾಣಿ, ವಿದ್ಯಾಮಂದಿರ, ಎಂ.ಇ.ಎಸ್. ಸಂಸ್ಥೆಗಳಿಂದಾಗಿ ಶಿಶುವಿಹಾರದಿಂದ ಪದವಿಯವರೆಗೆ ಮಗುವನ್ನು ಬಸ್ಸು ಹತ್ತಿಸದೆ ಓದಿಸಬಹುದು. ಮೈಸೂರು ಮಹಾರಾಜರು ಕೊಟ್ಟ 371 ಎಕರೆಯಲ್ಲಿ 1909ರಲ್ಲಿ ಆರಂಭವಾದ ಭಾರತೀಯ ವಿಜ್ಞಾನ ಸಂಸ್ಥೆ ಉತ್ತರದ ತುದಿಗೆ ಹತ್ತಿರ. ಆ ಸಂಸ್ಥೆಗೆ ಬಂದ ಸರ್ ಸಿ.ವಿ. ರಾಮನ್ ಮಲ್ಲೇಶ್ವರಂನಲ್ಲಿ ‘ಪಂಚವಟಿ’ ಎಂಬ ಮನೆ ಮಾಡಿಕೊಂಡರು. ವಯಸ್ಸಾದವರಿಗೆ ಈ ಹತ್ತಿರವೇ ಎಲ್ಲಕ್ಕಿಂತ ದೊಡ್ಡದು. ಕಾರು ಓಡಿಸಲಾಗದ ವಯಸ್ಸಿನಲ್ಲೂ ಯಾರ ಹಂಗೂ ಇಲ್ಲದೆ ಬದುಕಬಹುದಾದ ಜಾಗ ಬೆಂಗಳೂರಿನಲ್ಲಿ ಹೆಚ್ಚಿಲ್ಲ. ನಗರದಂಚಿನ ಗೇಟು ಹಾಕಿದ ಸಮುಚ್ಚಯಗಳು ಈಜುಕೊಳ, ಜಿಮ್ಮು, ಕ್ಲಬ್ಬು ಕೊಡುತ್ತವೆ. ಒಂದು ಕಟ್ಟು ಕೊತ್ತಂಬರಿಗೆ ಮಾತ್ರ ಮೊಬೈಲ್ ತೆಗೆಯಬೇಕಾಗುತ್ತದೆ.

ತಿಂಡಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಾರ್ಗೋಸಾ ರಸ್ತೆಯ ಏಳನೆಯ ಕ್ರಾಸಿನ ಬಳಿ ಸೆಂಟ್ರಲ್ ಟಿಫಿನ್ ರೂಮ್, ಅಂದರೆ ಸಿ.ಟಿ.ಆರ್.ನ ಬೆಣ್ಣೆ ಮಸಾಲೆ ದೋಸೆ, ಅದೇ ರಸ್ತೆಯ ಹದಿನೈದನೆಯ ಕ್ರಾಸಿನ ವೀಣಾ ಸ್ಟೋರ್ಸ್‌ನ ಇಡ್ಲಿ, ಎಂಟನೆಯ ಕ್ರಾಸಿನ ಜನತಾ ಹೋಟೆಲು: ಇವುಗಳ ಹೆಸರನ್ನು ಮನೆ ತೋರಿಸುವ ದಲ್ಲಾಳಿ ನೀರಿನ ಸಂಪರ್ಕಕ್ಕಿಂತ ಮೊದಲು ಹೇಳುತ್ತಾನೆ.

ಮಲ್ಲೇಶ್ವರಂನ ಸಂಘಗಳಿಗೆ ಬೇರೆಯೇ ಮಹತ್ವವಿದೆ. ಮಲ್ಲೇಶ್ವರಂ ಅಸೋಸಿಯೇಷನ್, ಸೇವಾಸದನ, ಕೆನರಾ ಯೂನಿಯನ್, ಚಿತ್ರಾಪುರ ಮಠ ಇವೆಲ್ಲ ವಲಸೆ ಬಂದವರೂ ನೆಲೆನಿಂತವರೂ ಕೂಡುವ ಜಾಗಗಳು. ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ, ಮುಹೂರ್ತವಿಲ್ಲದ ದಿನಗಳಲ್ಲಿ ಬ್ಯಾಡ್ಮಿಂಟನ್ ಕಲಿತ ಹುಡುಗ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಗೆದ್ದರು. ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವೂ ನಡೆದು ತಲುಪುವ ದೂರದಲ್ಲಿದೆ. ಸಂಸ್ಥೆಗಳಿಗೆ ವಯಸ್ಸಾಗಲು ಹೊತ್ತು ಬೇಕು. ಡೆವಲಪರ್ ಎಷ್ಟೇ ದೊಡ್ಡವನಾದರೂ ಅದನ್ನು ಬ್ರೋಷರಿನಲ್ಲಿ ಸೇರಿಸಲಾರ.

ನೀರು, ಕೆರೆ, ಮೆಟ್ರೊ

ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಕಟ್ಟಿಸಿದ ಕೆರೆ ಬಡಾವಣೆಗಿಂತ ಹಳೆಯದು. ಪಕ್ಕದಲ್ಲಿ ಸರಕಾರದ ಗಂಧದ ಕೋಠಿ ಇದ್ದುದರಿಂದ ಅದನ್ನು ಗಂಧದ ಕೋಠಿ ಕೆರೆ ಎಂದೂ ಕರೆಯುತ್ತಿದ್ದರು. ಇಂದು ಕೆರೆಯ ಸುತ್ತಲಿನ ನಡಿಗೆ ದಾರಿ ಸುತ್ತಮುತ್ತಲ ಮನೆಗಳ ಬೆಲೆಯನ್ನು ಸದ್ದಿಲ್ಲದೆ ಏರಿಸುತ್ತದೆ. ಸ್ಯಾಂಕಿ ರಸ್ತೆಯನ್ನು ಅಗಲ ಮಾಡಲು ಮರ ಕಡಿಯಲು ಹೊರಟಾಗ 2011ರಲ್ಲಿ ನಿವಾಸಿಗಳು ಬೀದಿಗಿಳಿದು ಪ್ರತಿಭಟಿಸಿದರು. ಮರವಿದ್ದ ಬೀದಿಯ ಮನೆಯೂ ಇಲ್ಲದ ಬೀದಿಯ ಮನೆಯೂ ಒಂದೇ ಅಲ್ಲವೆಂಬುದು ಅವರಿಗೆ ಗೊತ್ತಿತ್ತು, ಕೊಳ್ಳುವವರಿಗೂ ಗೊತ್ತು.

ನಲ್ಲಿ ನೀರಿನ ವಿಷಯದಲ್ಲಿ ಹಳೆಯ ಬಡಾವಣೆಗೆ ಹಿರಿತನದ ಲಾಭವಿದೆ. ಹೆಸರಘಟ್ಟದ ನೀರು ನಗರಕ್ಕೆ ಬಂದದ್ದು 1890ರ ದಶಕದಲ್ಲಿ, ತಿಪ್ಪಗೊಂಡನಹಳ್ಳಿಯದು 1930ರ ದಶಕದಲ್ಲಿ, ಕಾವೇರಿ 1974ರಲ್ಲಿ. ಟ್ಯಾಂಕರಿಗಾಗಿ ಕಾಯುವ ಹೊರವಲಯದ ಫ್ಲ್ಯಾಟಿನ ಮಾಲೀಕನಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

1884ರ ಮೈಸೂರು ಸ್ಪಿನ್ನಿಂಗ್ ಮಿಲ್, ಜನರ ಬಾಯಲ್ಲಿ ರಾಜಾ ಮಿಲ್, ದಕ್ಷಿಣದ ತುದಿಯಲ್ಲಿತ್ತು. ಆ ಜಾಗದಲ್ಲಿ 2010ರಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ತೆರೆಯಿತು. 2014ರ ಮಾರ್ಚ್ 1ರಂದು ಅದರ ಪಕ್ಕದ ಸಂಪಿಗೆ ರಸ್ತೆ ನಿಲ್ದಾಣದಿಂದ ಪೀಣ್ಯದವರೆಗೆ ಮೆಟ್ರೊ ಓಡಿತು. 2017ರ ಜೂನ್‌ನಲ್ಲಿ ಅದೇ ಹಸಿರು ಮಾರ್ಗ ಮೆಜೆಸ್ಟಿಕ್ ಹಾದು ಜಯನಗರದ ಆಚೆಗೂ ಸಾಗಿತು. ಮೆಟ್ರೊದಿಂದ ಹೆಚ್ಚು ಲಾಭವಾದದ್ದು ಮೊದಲ ಐದಾರು ಕ್ರಾಸುಗಳಿಗೆ. ಹದಿನೈದನೆಯ ಕ್ರಾಸಿನವರಿಗೆ ನಿಲ್ದಾಣ ದೂರ. ಅವರು ಅದಕ್ಕಾಗಿ ಹಂಬಲಿಸಿದಂತೆಯೂ ಕಾಣುವುದಿಲ್ಲ.

ಸಿಗುವುದು ಏಕೆ ಕಷ್ಟ

ಬೇಡಿಕೆಗಿಂತ ಪೂರೈಕೆಯ ಕಥೆಯೇ ಇಲ್ಲಿ ಸ್ವಾರಸ್ಯಕರ. ಹೊಸ ನಿವೇಶನ ಹುಟ್ಟಲು ಜಾಗವಿಲ್ಲ. ಇರುವ ನಿವೇಶನ ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಹಿರಿಯರು ತೀರಿಕೊಂಡ ಮೇಲೆ. ಆಗ ಮನೆ ಎಲ್ಲ ಮಕ್ಕಳದಾಗುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತು, ಕೇಂದ್ರ 2005ರಲ್ಲಿ. ಹೀಗಾಗಿ ಒಂದು ಮನೆ ಮಾರಲು ವಂಶವೃಕ್ಷದಲ್ಲಿರುವ ಎಲ್ಲರ ಸಹಿ, ಇಲ್ಲವೆ ಹಕ್ಕುಬಿಡುಗಡೆ ಪತ್ರ ಬೇಕು. ಆ ಮಕ್ಕಳಲ್ಲಿ ಒಬ್ಬರು ಜಯನಗರದಲ್ಲಿ, ಒಬ್ಬರು ಕ್ಯಾಲಿಫೋರ್ನಿಯಾದಲ್ಲಿ, ಒಬ್ಬರು ಮಾತು ಬಿಟ್ಟಿರುವವರು. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿ ಕಳಿಸುವ ಮುಖ್ತ್ಯಾರ್ ಪತ್ರಕ್ಕೆ, ಅದು ಭಾರತ ತಲುಪಿದ ಮೂರು ತಿಂಗಳೊಳಗೆ, ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಮಾರುವವರು ಅನಿವಾಸಿಯಾಗಿದ್ದರೆ ಕೊಳ್ಳುವವರು ಹಿಡಿದಿಡಬೇಕಾದ ಆದಾಯ ತೆರಿಗೆಯ ಲೆಕ್ಕವೂ ಬೇರೆ. 50 ಲಕ್ಷ ಅಥವಾ ಅದಕ್ಕೂ ಹೆಚ್ಚಿನ ವ್ಯವಹಾರದಲ್ಲಿ ನಿವಾಸಿಗೆ ಅನ್ವಯಿಸುವ ಶೇ. 1 ಅಲ್ಲಿ ನಡೆಯದು. ಈ ನಿಯಮ ತಿಳಿಯದೆ ಸಿಕ್ಕಿಬಿದ್ದವರು ಕಡಿಮೆಯಿಲ್ಲ.

ಕಾಗದಪತ್ರ ನೋಡುವ ವಕೀಲರು ಮೊದಲು ಕೇಳುವುದು ಮದರ್ ಡೀಡ್, ಅಂದರೆ ಮೂಲ ಹಕ್ಕುಪತ್ರ, ನಂತರ ಋಣಭಾರ ಪತ್ರ, ಪಾಲುಪಟ್ಟಿ, ಖಾತೆ. ಹಳೆಯ ಬಡಾವಣೆಯಾದ್ದರಿಂದ ಬಿ ಖಾತೆಯ, ಅಂದರೆ ನಿಯಮಬದ್ಧವಲ್ಲದ ಆಸ್ತಿಯ, ತಲೆನೋವು ಇಲ್ಲಿ ಕಡಿಮೆ. ಕಂದಾಯ ನಿವೇಶನ, ಕೆರೆ ಅಂಗಳ, ರಾಜಕಾಲುವೆ ಎಂಬ ಪದಗಳು ಕೊಳ್ಳುವವರ ನಿದ್ದೆ ಕೆಡಿಸುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಮಲ್ಲೇಶ್ವರಂನಲ್ಲಿ ಭಯ ಬೇರೆ ಕಡೆಯಿಂದ ಬರುತ್ತದೆ: ಸಹಿ ಹಾಕದೆ ಉಳಿದ ಒಬ್ಬ ವಾರಸುದಾರನಿಂದ. ನೋಂದಣಿಗೆ ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಸೆಸ್ಸು ಮತ್ತು ಸರ್‌ಚಾರ್ಜು, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ. 1ರಿಂದ 2ಕ್ಕೆ ಏರಿದ ನೋಂದಣಿ ಶುಲ್ಕ.

ಬಹಳಷ್ಟು ಕುಟುಂಬಗಳು ಕಂಡುಕೊಂಡ ದಾರಿ ‘ಜೆ.ಡಿ.’, ಅಂದರೆ ಬಿಲ್ಡರ್ ಜೊತೆ ಜಂಟಿ ಅಭಿವೃದ್ಧಿ ಒಪ್ಪಂದ. ಹಳೆಯ ಮನೆ ಕೆಡವಿ, ನೆಲಮಟ್ಟದಲ್ಲಿ ಕಾರು ನಿಲ್ಲಿಸಿ, ಮೇಲೆ ಮೂರು ನಾಲ್ಕು ಅಂತಸ್ತು ಎಬ್ಬಿಸಿ, ಅಣ್ಣನಿಗೊಂದು ತಂಗಿಗೊಂದು ಫ್ಲ್ಯಾಟು ಕೊಟ್ಟು, ಉಳಿದದ್ದನ್ನು ಬಿಲ್ಡರ್ ಮಾರುತ್ತಾನೆ. ಹೊಸಬರಿಗೆ ಮಲ್ಲೇಶ್ವರಂನಲ್ಲಿ ಕಾಲೂರಲು ಇರುವ ಬಾಗಿಲು ಹೆಚ್ಚಾಗಿ ಇದೊಂದೇ. ಮಂಗಳೂರು ಹೆಂಚು, ಕೆಂಪು ಗಾರೆಯ ನೆಲ, ಕಿಟಕಿ ಮೇಲೆ ಮರದ ಜಾಲರಿಯ ‘ಮಂಕಿ ಟಾಪ್’, ಹಿತ್ತಲ ತೆಂಗು, ಮುಂದಿನ ಸಂಪಿಗೆ ಹೋಗಿ, ಒಂದು ಸಂಸಾರವಿದ್ದಲ್ಲಿ ಎಂಟು ಸಂಸಾರ, ಎಂಟಕ್ಕಿಂತ ಹೆಚ್ಚು ಕಾರು ಬರುತ್ತವೆ. ಕೊಳ್ಳುವವರು ಯಾವ ನೆರಳಿಗೆ ಮರುಳಾಗಿ ಬಂದರೋ ಅದನ್ನು ಅವರ ಖರೀದಿಯೇ ಕಡಿಯುತ್ತದೆ. ಆದರೂ ಇದನ್ನು ಬರೀ ನಷ್ಟವೆಂದು ಬರೆಯುವುದು ಸರಿಯಾಗದು. ಮೇಲೆ ಹೇಳಿದ ಜಾತಿವಾರು ಹಂಚಿಕೆಯ ಗೋಡೆಯಲ್ಲಿ ಬಿರುಕು ಬಿಟ್ಟದ್ದೂ ಇದೇ ಫ್ಲ್ಯಾಟುಗಳಿಂದ. ದೊಡ್ಡ ನಿವೇಶನ ಕೊಳ್ಳುವ ಶಕ್ತಿಯಿಲ್ಲದವರೂ ಸಾಲ ಮಾಡಿ ಈ ಬೀದಿಗಳಿಗೆ ಬಂದರು.

ಹೆಸರಿನ ಹರವು

ಶಕ್ತಿ ಸಾಲದವರು ಅಂಚಿನಲ್ಲಿ ಹುಡುಕುತ್ತಾರೆ: ಸುಬ್ರಹ್ಮಣ್ಯನಗರ, ಗಾಯತ್ರಿನಗರ, ಮಿಲ್ಕ್ ಕಾಲೊನಿ, ಪ್ಯಾಲೇಸ್ ಗುಟ್ಟಹಳ್ಳಿ. ಮಾರುವವರು ಇವನ್ನೆಲ್ಲ ಜಾಹೀರಾತಿನಲ್ಲಿ ಮಲ್ಲೇಶ್ವರಂ ಮಾಡಿಬಿಡುತ್ತಾರೆ. ಡಾ. ರಾಜ್‌ಕುಮಾರ್ ರಸ್ತೆಯಲ್ಲಿ ಹಿಂದೆ ಕಿರ್ಲೋಸ್ಕರ್ ಕಾರ್ಖಾನೆಯಿದ್ದ ಜಾಗದಲ್ಲಿ ಎದ್ದ ಬ್ರಿಗೇಡ್ ಗೇಟ್‌ವೇ ಸಮುಚ್ಚಯದ ವಿಳಾಸದಲ್ಲೂ ರಾಜಾಜಿನಗರದ ಜೊತೆಗೆ ಮಲ್ಲೇಶ್ವರಂ ಸೇರಿಕೊಳ್ಳುತ್ತದೆ. ಅಂಚೆ ಇಲಾಖೆ ಮಾತ್ರ ಗೆರೆ ಎಳೆದಿದೆ: ಮೂಲ ಬಡಾವಣೆಯ ಪಿನ್ ಕೋಡ್ 560003, ಮಲ್ಲೇಶ್ವರಂ ಪಶ್ಚಿಮದ್ದು 560055. ಕರಾರಿಗೆ ಮುಂಗಡ ಕೊಡುವ ಮೊದಲು ಖಾತೆಯ ವಾರ್ಡಿನ ಹೆಸರಿನ ಜೊತೆಗೆ ಈ ಕೊನೆಯ ಅಂಕಿಗಳನ್ನೂ ನೋಡಿಕೊಳ್ಳುವುದು ಇಲ್ಲಿನ ಹಳಬರ ಅಭ್ಯಾಸ.